ಕೊಟ್ರಮ್ಮ ಕಟ್ಟಿಕೊಟ್ಟ ಬುತ್ತಿ

ಕೊಟ್ಟೂರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನಾದರೂ "ಕೊಟ್ರಮ್ಮನ ಖಾನಾವಳಿ ಎಲ್ಲೈತ್ರಿ" ಅಂತ ಕೇಳಿ ನೋಡಿ. ಅವರು ಕೈ ತೋರಿಸಿ ಸುಮ್ಮನಾಗುವುದಿಲ್ಲ, ನಿಮ್ಮ ಜೊತೆಗೇ ಬಂದುಬಿಡುತ್ತಾರೆ. ಅವರಿಗೂ ಹಸಿವಾಗಿರುತ್ತದೆ. ಆ ಖಾನಾವಳಿಯ ಗೋಡೆಗೆ ಗೋಡೆ ಹಚ್ಚಿ ಇರುವ ಟೇಲರ್ ಅಂಗಡಿ ನನ್ನದು. ನನ್ನ ಹೆಸರು ರೋಜಾ. ಬ್ಲೌಸು, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುತ್ತೇನೆ. ಬಾಯಿ ಸ್ವಲ್ಪ ಜೋರು ಅಂತ ಓಣಿಯವರು ಹೇಳುತ್ತಾರೆ, ಹೇಳಿಕೊಳ್ಳಲಿ. ಈ ಕಥೆ ನನ್ನದಲ್ಲ, ಕೊಟ್ರಮ್ಮನದು. ಆದರೆ ಆಕೆಯ ಬಾಯಿ ಬಿಡಿಸುವುದು ಯಾರಿಂದಲೂ ಆಗದ ಕೆಲಸ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಆಕೆಯ ಗಂಡ ಗುರುಸಂಗಪ್ಪ ತೀರಿಕೊಂಡಾಗ ಮಗಳು ಶೈಲಾ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಜೋಳದ ರೊಟ್ಟಿ ಬಡಿದು ಬಡಿದೇ ಕೊಟ್ರಮ್ಮ ಮಗಳನ್ನು ಓದಿಸಿದಳು, ಹರಪನಹಳ್ಳಿಯ ಅರುಣಕುಮಾರನಿಗೆ ಕೊಟ್ಟು ಮದುವೆ ಮಾಡಿದಳು. ಅವನದು ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ. ಮಾತು ಕಮ್ಮಿ, ಕೆಟ್ಟವನಲ್ಲ. ಮೊದಲು ಮೇಘಾ ಹುಟ್ಟಿದಳು, ಆಮೇಲೆ ಸೋಮು. ಸೋಮು ಇನ್ನೂ ತೊಟ್ಟಿಲಲ್ಲಿದ್ದಾಗ ಶೈಲಾಗೆ ಡೆಂಗ್ಯೂ ಬಂತು. ದಾವಣಗೆರೆಯ ದವಾಖಾನೆಗೆ ಹೋದವಳು ಜೀವಂತ ತಿರುಗಿ ಬರಲಿಲ್ಲ. ಮಗಳನ್ನು ಮಣ್ಣು ಮಾಡಿದ ಮೇಲೆ ಕೊಟ್ರಮ್ಮ ಸೋಮುವನ್ನು ಸೆರಗಿನಲ್ಲಿ ಸುತ್ತಿಕೊಂಡು, ಮೇಘಾಳ ಕೈ ಹಿಡಿದುಕೊಂಡು ಕೊಟ್ಟೂರಿನ ಬಸ್ಸು ಹತ್ತಿದಳು. ಯಾರೂ ತಡೆಯಲಿಲ್ಲ. ತಡೆಯುವ ಹಾಗೂ ಇರಲಿಲ್ಲ.

ಆ ಮಕ್ಕಳು ಖಾನಾವಳಿಯ ಬೆಂಚುಗಳ ಕೆಳಗೇ ಬೆಳೆದವು. ಒಲೆಯ ಮುಂದೆ ಕೂತ ಅಜ್ಜಿಯ ಬೆನ್ನಿಗೆ ಒರಗಿ ಸೋಮು ನಿದ್ದೆ ಮಾಡುತ್ತಿದ್ದ. ಅವನಿಗೆ ಆಕೆ ರೊಟ್ಟಿ ಬಡಿಯುವ ಸಪ್ಪಳವೇ ಜೋಗುಳ. ಆಕೆ ಕೈ ನಿಲ್ಲಿಸಿದರೆ ಎಚ್ಚರವಾಗಿ ಅಳುತ್ತಿದ್ದ. ಮಧ್ಯಾಹ್ನ ಗಿರಾಕಿಗಳು ಮುಗಿದ ಮೇಲೂ ಕೊಟ್ರಮ್ಮ ಬರೀ ಹಲಗೆಯ ಮೇಲೆ ಪಟಪಟ ಕೈ ಬಡಿಯುತ್ತಾ ಕೂತಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅರುಣಕುಮಾರ ಮತ್ತೆ ಮದುವೆಯಾದ. ಆಗಲೇಬೇಕಾಗಿತ್ತು, ಅದರಲ್ಲಿ ಅವನದೇನೂ ತಪ್ಪಿಲ್ಲ. ಹುಡುಗಿ ಹಗರಿಬೊಮ್ಮನಹಳ್ಳಿಯವಳು, ಸುಮಲತಾ ಅಂತ. ಕೊಟ್ರಮ್ಮ ಆ ಮದುವೆಗೆ ಹೋಗಲಿಲ್ಲ. ಆಮೇಲೊಮ್ಮೆ ಗಂಡನ ಜೊತೆ ಸುಮಲತಾ ಖಾನಾವಳಿಗೆ ಬಂದಳು. ಕೊಟ್ರಮ್ಮ ಅಳಿಯನಿಗೆ ನೀರು ಕೊಟ್ಟಳು, ತಟ್ಟೆ ಹಾಕಿದಳು. ಬಾಗಿಲಲ್ಲಿ ನಿಂತಿದ್ದವಳ ಕಡೆ ತಿರುಗಿಯೂ ನೋಡಲಿಲ್ಲ. ಆ ಹುಡುಗಿ ತಲೆ ತಗ್ಗಿಸಿಕೊಂಡು ನಿಂತೇ ಇದ್ದಳು. ನನಗೆ ಪಾಪ ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ. ಬೇಕಾಗಿತ್ತೇನು ಇವಳಿಗೆ, ಊರಲ್ಲಿ ಬೇರೆ ಗಂಡು ಇರಲಿಲ್ಲವೇನು ಅಂತ ಹೊಟ್ಟೆ ಉರಿಯಿತು.

ಈ ಬೇಸಿಗೆ ರಜೆ ಶುರುವಾದಾಗ ಅರುಣಕುಮಾರ ಒಂದು ಸುದ್ದಿ ತಂದ. ಬೆಂಗಳೂರಿನ ಆಚೆ ದೊಡ್ಡ ಆಟದ ಪಾರ್ಕು ಇದೆಯಲ್ಲ, ನೀರಿನಲ್ಲಿ ಜಾರುವುದು, ಆಕಾಶದಲ್ಲಿ ತಿರುಗುವುದು, ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ ಅಂದ. ಮೇಘಾ ಕುಣಿದುಬಿಟ್ಟಳು. ಅವಳ ಕ್ಲಾಸಿನ ಹುಡುಗಿಯೊಬ್ಬಳು ಅಲ್ಲಿಗೆ ಹೋಗಿ ಬಂದು ಇಡೀ ವರ್ಷ ಅದನ್ನೇ ಹೇಳಿ ಹೇಳಿ ಇವಳ ಹೊಟ್ಟೆ ಉರಿಸಿದ್ದಳು. ಸೋಮುಗೆ ಏನೂ ತಿಳಿಯಲಿಲ್ಲ, ಅಕ್ಕ ಕುಣಿದಳು ಅಂತ ತಾನೂ ಕುಣಿದ.

ಮಕ್ಕಳು ಹೊರಗೆ ಓಡಿದ ಮೇಲೆ ಅವನು ಉಳಿದದ್ದು ಹೇಳಿದ. ನಾನು ಅಲ್ಲೇ ಮೊಣಕಾಲ ಮೇಲೆ ಬಟ್ಟೆ ಇಟ್ಟುಕೊಂಡು ಗುಂಡಿ ಹಚ್ಚುತ್ತಿದ್ದೆ.

"ಅತ್ತಿ, ಜೂನ್‌ದಾಗ ಶಾಲಿ ಶುರುವಾಗ್ತಾವು. ಮಕ್ಕಳು ನಮ್ಮಲ್ಲೇ ಓದ್ಲಿ ಅಂತ ಅನಕೊಂಡೀವಿ. ಸುಮಾನೂ ಅದನ್ನ ಅಂತಾಳ. ಆದ್ರ ಅವ್ರಿಗೆ ಆಕಿ ಹೊಸಬಾಕಿ. ಹಿಂಗ ನಾಕು ದಿನ ಕೂಡಿ ಅಡ್ಡಾಡಿ ಬಂದ್ರ ಹೊಂದಿಕೊಳ್ತಾವು."

ಕೊಟ್ರಮ್ಮ ಹಿಟ್ಟು ನಾದುತ್ತಾ ಕೇಳಿದಳು, "ಹೊಂದಿಕೊಳ್ಳಲಿಲ್ಲಂದ್ರ?"

"ಮಕ್ಕಳು ಒಲ್ಲೆ ಅಂದ್ರ ನಾ ಬಲವಂತ ಮಾಡಂಗಿಲ್ರಿ. ಇಲ್ಲೇ ಇರ್ಲಿ. ಆಮ್ಯಾಲ ಈ ಮಾತು ನಾ ತೆಗಿಯಂಗಿಲ್ಲ."

ಅವನು ಹೋದ ಮೇಲೆ ನಾನು ಸೂಜಿ ಇಟ್ಟು ಎದ್ದೆ. ನನಗೆ ತಡೆಯಲಾಗಲಿಲ್ಲ.

"ಯಕ್ಕಾ, ಕಳಿಸಬ್ಯಾಡ ನೋಡು. ಹುಡುಗಗ ನೆಗಡಿ ಐತಿ ಅನ್ನು, ಬಿಸಿಲು ಭಾಳ ಐತಿ ಅನ್ನು. ಆಟದ ಆಸಿ ಹಚ್ಚಿ ಮಕ್ಕಳನ್ನ ಎಳಕೊಂಡು ಹೋಗಾಕ ಬಂದಾನ ಅಂವ."

"ಸುಮ್ನಿರಲೇ ರೋಜಾ, ಹೋಗ್ಲಿ."

"ಹೋಗ್ಲಿ? ತಲಿ ಕೆಟ್ಟೈತೇನು ನಿಂಗ?"

ಆಕೆ ಹಿಟ್ಟಿನ ಕೈ ಒರೆಸಿಕೊಂಡು ನನ್ನ ಹತ್ತಿರ ಬಂದು ಕೂತಳು. ದನಿ ತಗ್ಗಿಸಿದಳು. "ನಾ ಕಳಿಸಲಿಲ್ಲಂದ್ರ ಅಂವ ಮತ್ತ ಬರ್ತಾನ, ಮತ್ತ ಕೇಳ್ತಾನ. ಇವತ್ತು ಪಾರ್ಕು, ನಾಳಿ ಇನ್ನೊಂದು. ಹೋಗಿ ಬರ್ಲಿ. ಸೋಮು ನನ್ನ ಬಿಟ್ಟು ಒಂದು ರಾತ್ರಿ ಇದ್ದಾನೇನು ಇಲ್ಲಿಗೆ ಬಂದಾಗಿಂದ? ಊರ ತುಂಬ ಕೇಳಂಗ ಅಳ್ತಾನ. ಅಂವ ಅತ್ಕೊಂತ ಬಂದು ನನ್ನ ಕೊರಳಿಗೆ ಬಿದ್ರ ಅವ್ರಪ್ಪನ ಬಾಯಿ ತಾನ ಮುಚ್ಚತೈತಿ. ಆಮ್ಯಾಲ ಯಾರೂ ಈ ಮಕ್ಕಳನ್ನ ಕೇಳಂಗಿಲ್ಲ."

ಇಷ್ಟು ವರ್ಷ ಆಕೆಯ ಪಕ್ಕದಲ್ಲಿದ್ದರೂ ಆಕೆಗೆ ಇಂಥ ಲೆಕ್ಕಾಚಾರ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಭಲೇ ಅಕ್ಕಾ ಅಂದುಕೊಂಡೆ.

ಅಲ್ಲಿಂದ ತಯಾರಿ ಶುರುವಾಯಿತು. ಆ ಪಾರ್ಕಿನಲ್ಲಿ ಕಾಟನ್ ಬಟ್ಟೆ ಹಾಕಿಕೊಂಡು ನೀರಿಗಿಳಿಯಲು ಬಿಡುವುದಿಲ್ಲವಂತೆ, ನೈಲಾನ್ ಬಟ್ಟೆಯೇ ಬೇಕಂತೆ. ಕೂಡ್ಲಿಗಿಗೆ ಹೋದಾಗ ನಾನೇ ಬಟ್ಟೆ ತಂದು ಎರಡೂ ಮಕ್ಕಳಿಗೆ ಹೊಲಿದೆ. ಮೇಘಾಳದು ಚಿಕ್ಕದಾಯಿತು ಅಂತ ಕೊಟ್ರಮ್ಮ ತಗಾದೆ ತೆಗೆದಳು, ಕಾಲು ಪೂರಾ ಮುಚ್ಚಬೇಕು ಅಂದಳು. ಮತ್ತೆ ಬಿಚ್ಚಿ ಹೊಲಿದೆ. ದೊಡ್ಡ ಆಟಗಳಿಗೆ ಇಷ್ಟು ಎತ್ತರ ಇರಬೇಕು ಅನ್ನುವ ನಿಯಮ ಬೇರೆ. ಮೇಘಾ ದಿನಾ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಟೇಪು ಹಿಡಿಸಿ ಅಳೆಸಿಕೊಳ್ಳುತ್ತಿದ್ದಳು. ಹಿಮ್ಮಡಿ ಎತ್ತುತ್ತಿದ್ದಳು ಕಳ್ಳಿ. "ಕಾಲು ಕೆಳಗಿಡಲೇ" ಅಂತ ತಲೆಗೆ ಮೊಟಕಿದರೆ, "ರೋಜಕ್ಕಾ, ನಿನ್ನೆಗಿಂತ ಒಂಚೂರು ಬೆಳದೀನಿ ಅಲ್ಲ?" ಅಂತ ಗೋಗರೆಯುತ್ತಿದ್ದಳು. ಹೂಂ ಅಂದುಬಿಡುತ್ತಿದ್ದೆ, ನನ್ನ ಗಂಟೇನು ಹೋಗುತ್ತಿತ್ತು.

ಕೊಟ್ರಮ್ಮನದು ಬುತ್ತಿಯ ತಯಾರಿ. ನಮ್ಮ ಕಡೆ ಯಾವ ಊರಿಗೆ ಹೊರಟರೂ ಬುತ್ತಿ ಕಟ್ಟದೆ ಹೊಸ್ತಿಲು ದಾಟುವುದಿಲ್ಲ. ಮೈಲಾರಕ್ಕೆ ಹೋದರೂ ಬುತ್ತಿ, ದವಾಖಾನೆಗೆ ಹೋದರೂ ಬುತ್ತಿ. ಅದರ ಮೇಲೆ ಈಕೆ ಖಾನಾವಳಿಯವಳು. ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಶೇಂಗಾ ಹೋಳಿಗೆ, ಸೋಮುಗೆ ಅಂತ ಬೇರೆಯಾಗಿ ಬೆಲ್ಲ ತುಪ್ಪ ಹಾಕಿ ಮುರಿದ ರೊಟ್ಟಿಯ ಮಾದಲಿ. ಒಂದು ಊರಿಗೇ ಹಂಚಬಹುದು, ಅಷ್ಟು. ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ, ಆ ಗಂಟನ್ನು ಚೀಲದಲ್ಲಿಟ್ಟಳು.

ಹೊರಡುವ ದಿನ ಸುಮಲತಾ ಬಾಗಿಲವರೆಗೆ ಬಂದಳು. ಕೊಟ್ರಮ್ಮ ಅವಳ ಜೊತೆ ಮೊದಲ ಸಲ ಮಾತಾಡಿದ್ದು ಆವತ್ತೇ. ಮಾತೇನು ಬಂತು, ಅಪ್ಪಣೆ. ಚೀಲವನ್ನು ಅವಳ ಕೈಗೆ ತುರುಕಿ, "ಹುಡುಗ ಬ್ಯಾರೆ ಯಾವ್ದೂ ಉಣ್ಣಂಗಿಲ್ಲ, ಇದನ್ನ ಉಣ್ತಾನ. ಚೀಲ ಕೈ ಬಿಡಬ್ಯಾಡ. ಒಂದು ತುಣುಕೂ ಚೆಲ್ಲಬ್ಯಾಡ" ಅಂದಳು.

"ಇಲ್ರಿ, ಚೆಲ್ಲಂಗಿಲ್ಲ" ಅಂದಳು ಆ ಹುಡುಗಿ.

ಕೂಡ್ಲಿಗಿಗೆ ಹೋಗಿ ಹೆದ್ದಾರಿಯ ಬಸ್ಸು ಹಿಡಿದು ಅವರು ಬೆಂಗಳೂರಿಗೆ ಹೋದರು. ಅಲ್ಲಿ ಅರುಣಕುಮಾರನ ಗೆಳೆಯನ ಮನೆಯಲ್ಲಿ ವಸತಿ. ಕೊಟ್ಟೂರಿನಲ್ಲಿ ಬಸ್ಸು ಹತ್ತುವಾಗ ಸೋಮು ಅತ್ತ. ಅಜ್ಜಿಯ ಸೆರಗು ಬಿಡಲಿಲ್ಲ. ಅವನ ಬೆರಳುಗಳನ್ನು ಬಿಡಿಸುವಾಗ ಕೊಟ್ರಮ್ಮನ ಮುಖ ನೋಡಿದೆ. ದುಃಖವಿತ್ತು, ಅದರ ಜೊತೆ ಒಂಥರಾ ಧೈರ್ಯವೂ ಇತ್ತು. ಅಳು, ಇನ್ನೂ ಅಳು ಅಂತ ಒಳಗೇ ಹೇಳುತ್ತಿದ್ದಳು ಅಂತ ನನಗನ್ನಿಸಿತು. ನಾನಂತೂ ಹೇಳಿದೆ.

ಮರುದಿನವೆಲ್ಲ ಆಕೆ ಮೊಬೈಲನ್ನು ಹಿಟ್ಟಿನ ಡಬ್ಬಿಯ ಮೇಲೆ ಇಟ್ಟುಕೊಂಡೇ ರೊಟ್ಟಿ ಬಡಿದಳು. ಅದು ರಿಂಗಾದಾಗೆಲ್ಲ ಹಿಟ್ಟಿನ ಕೈಯಲ್ಲೇ ಎತ್ತುತ್ತಿದ್ದಳು. ಜೋಳದ ವ್ಯಾಪಾರಿ, ಗ್ಯಾಸಿನವನು, ಊಟ ಕಟ್ಟಿಡು ಅನ್ನುವ ಕಂಡಕ್ಟರು. ಅಳಿಯನದು ಬರಲಿಲ್ಲ. "ಹುಡುಗ ಅಳಾಕತ್ತಿದ್ರ ಫೋನ್ ಮಾಡ್ತಿದ್ರು ಅಲ್ಲೇನು?" ಅಂತ ನನ್ನನ್ನೇ ಕೇಳಿದಳು. "ಅಲ್ಲಿ ಗದ್ದಲ ಇರತೈತಿ ಯಕ್ಕಾ" ಅಂದೆ. ಸಂಜೆಗೆ ಮೇಘಾ ಮಾಡಿದಳು. ಹಾಡು, ಕೂಗು, ನೀರು, ಜಾರುಬಂಡೆ, ಒಂದು ಮಾತಿನ ಮೇಲೆ ಇನ್ನೊಂದು ಬಿದ್ದು ಏನೂ ತಿಳಿಯಲಿಲ್ಲ.

"ಸೋಮು ಎಲ್ಲಿ ಅದಾನವ್ವಾ?"

"ಮಕ್ಕೊಂಡಾನ."

"ಅತ್ತನೇನು?"

"ಹೂಂ, ಮಧ್ಯಾಹ್ನ ಜೋರ್ ಅತ್ತ ಅಜ್ಜಿ. ನೀರಿಗೆ ಅಂಜಿದ. ನೀ ಬೇಕಂತ ಕೂಗಿದ."

ಕೊಟ್ರಮ್ಮನ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. ಪಾಪ, ಮೊಮ್ಮಗ ಅತ್ತ ಅಂತ ಕೇಳಿ ಖುಷಿಪಡುವ ಗತಿ ಆ ಜೀವಕ್ಕೆ ಬಂದಿತ್ತು.

ಅವರು ತಿರುಗಿ ಬಂದದ್ದು ಬೆಳಿಗ್ಗೆ. ಇನ್ನೂ ಗಿರಾಕಿಗಳು ಬಂದಿರಲಿಲ್ಲ. ಕೊಟ್ರಮ್ಮ ಒಲೆ ಬಿಟ್ಟು ರಸ್ತೆಯವರೆಗೆ ಓಡಿದಳು. ಆ ದೇಹಕ್ಕೆ ಓಟ ಎಲ್ಲಿಂದ ಬಂತೋ. ಸೋಮು ಸುಮಲತಾಳ ಹೆಗಲ ಮೇಲೆ ಮಲಗಿದ್ದ. "ಬಾ ನನ್ನಪ್ಪಾ" ಅಂತ ಕೊಟ್ರಮ್ಮ ಎರಡೂ ಕೈ ಚಾಚಿದಳು. ಹುಡುಗ ಅರ್ಧ ಕಣ್ಣು ತೆರೆದ, ಅಜ್ಜಿಯನ್ನು ನೋಡಿ ನಕ್ಕ ಕೂಡ. ಆದರೆ ಬರಲಿಲ್ಲ. ಮುಖ ಆ ಕಡೆ ತಿರುಗಿಸಿ, ಅವಳ ಕೊರಳನ್ನು ಇನ್ನಷ್ಟು ಗಟ್ಟಿಯಾಗಿ ಅಪ್ಪಿಕೊಂಡು ಮತ್ತೆ ನಿದ್ದೆಗೆ ಜಾರಿದ.

ಕೊಟ್ರಮ್ಮನ ಕೈಗಳು ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿದ್ದವು. ಆಮೇಲೆ ಅವನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ಎರಡು ದಿನದಲ್ಲಿ ಏನು ಮಾಟ ಮಾಡಿದಳಪ್ಪ ಇವಳು, ಐಸ್‌ಕ್ರೀಮಿನ ಮೇಲೆ ಐಸ್‌ಕ್ರೀಮು ತಿನ್ನಿಸಿ ಬುಟ್ಟಿಗೆ ಹಾಕಿಕೊಂಡಿರಬೇಕು ಅಂತ ಮೇಘಾಳನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿಕೊಂಡೆ. ಕೊಟ್ರಮ್ಮನಿಗೂ ಕೇಳಲಿ ಅಂತ ಗಟ್ಟಿಯಾಗಿಯೇ ಕೇಳಿದೆ, "ನಿಮ್ಮ ಚಿಕ್ಕವ್ವ ಏನೇನು ಆಟ ಆಡಿದ್ಲಲೇ?"

"ಚಿಕ್ಕವ್ವ ಒಳಗ ಬರ್ಲೇ ಇಲ್ಲ."

"ಅಂದ್ರ?"

"ಗೇಟಿನ್ಯಾಗ ಚೀಲ ತೆಗಿಸಿ ನೋಡಿದ್ರು. ಊಟ ಒಳಗ ಬಿಡಂಗಿಲ್ಲಂತ. ಕಸದ ಡಬ್ಬಿಗೆ ಹಾಕಿ ಬರ್ರಿ ಅಂದ, ಅಲ್ಲಿ ನಿಂತಾಂವ. ಅಪ್ಪ ಹಾಕಾಕ ಹೊಂಟಿದ್ದ. ಚಿಕ್ಕವ್ವ ಬ್ಯಾಡ ಅಂದ್ಲು. ಅವ್ರು ಚೆಲ್ಲಬ್ಯಾಡ ಅಂದಾರ, ನಾ ಚೆಲ್ಲಂಗಿಲ್ಲ, ನೀವು ಹೋಗ್ರಿ ಅಂದ್ಲು. ಅಕಿ ಟಿಕೀಟು ಸುಮ್ನ ಹೋತು. ಹೊರಗ ಒಂದು ಗಿಡ ಇತ್ತು, ಅದರ ಬುಡಕ ಚೀಲ ಇಟಗೊಂಡು ಕುಂತ್ಲು. ನಾವು ಬರೋತನಕ ಅಲ್ಲೇ ಕುಂತಿದ್ಲು."

ಒಲೆಯ ಕಡೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಸೋಮುಗೆ ಎಚ್ಚರವಾಗಲಿಲ್ಲ.

ಮೇಘಾ ಹೇಳುತ್ತಲೇ ಇದ್ದಳು. ಸೋಮು ನೀರಿಗೆ ಹೆದರಿ, ಜನಕ್ಕೆ ಹೆದರಿ, ಅಜ್ಜಿ ಬೇಕು ಅಂತ ನೆಲಕ್ಕೆ ಬಿದ್ದು ಹೊರಳಾಡಿದನಂತೆ. ಅರುಣಕುಮಾರ ಏನು ಕೊಡಿಸಿದರೂ ಬಾಯಿಗೆ ಹಾಕಿಕೊಳ್ಳಲಿಲ್ಲವಂತೆ. ಕೊನೆಗೆ ಅವನನ್ನು ಎತ್ತಿಕೊಂಡು ಹೊರಗೆ ಬಂದು ಸುಮಲತಾಳ ಮಡಿಲಿಗೆ ಹಾಕಿದನಂತೆ. ಅವಳು ಗಂಟು ಬಿಚ್ಚಿ ಮಾದಲಿ ಕೈಯಲ್ಲಿ ಹಿಡಿದಳು. ಹುಡುಗ ಮೂಸಿ ನೋಡಿದ, ಅಳು ನಿಲ್ಲಿಸಿದ. ಗಿಡದ ನೆರಳಲ್ಲಿ ಹೊಟ್ಟೆ ತುಂಬ ಉಂಡು ಅವಳ ತೊಡೆಯ ಮೇಲೇ ಮಲಗಿದ. ಆ ಊರಿನಲ್ಲಿ ಅಜ್ಜಿಯ ರುಚಿ ಇದ್ದ ಜಾಗ ಅದೊಂದೇ, ಆ ಕೈ ಒಂದೇ. ಅದಕ್ಕೇ ಹಿಡಿದ, ಬಿಡಲಿಲ್ಲ.

ಕೊಟ್ರಮ್ಮ ಒಲೆಯ ಹತ್ತಿರದಿಂದಲೇ ಕೇಳಿದಳು. "ಅಕಿ ಏನು ಉಂಡ್ಲು?"

"ಏನೂ ಉಣ್ಲಿಲ್ಲ ಅಜ್ಜಿ. ತಿನ್ನು ಚಿಕ್ಕವ್ವ ಅಂದೆ. ನಿಮಗ ಕಟ್ಟ್ಯಾರ, ನಿಮಗ ಇರ್ಲಿ ಅಂದ್ಲು."

ಸುಮಲತಾ ಬಾಗಿಲಲ್ಲೇ ನಿಂತಿದ್ದಳು, ಹೆಗಲ ಮೇಲೆ ಹುಡುಗನನ್ನು ಇಟ್ಟುಕೊಂಡು. ಬಿಸಿಲಿಗೆ ಮುಖ ಕಂದಿತ್ತು. ಒಳಗೆ ಬಾ ಅಂತ ಯಾರೂ ಅಂದಿರಲಿಲ್ಲವಲ್ಲ, ನಿಂತೇ ಇದ್ದಳು. ಕೊಟ್ರಮ್ಮ ಎದ್ದಳು. ಹಂಚಿನ ಮೇಲಿದ್ದ ಬಿಸಿ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಮೊಸರು, ಎಲ್ಲ ಹಾಕಿ ತಟ್ಟೆ ತಂದು ಬೆಂಚಿನ ಮೇಲೆ ಇಟ್ಟಳು. ಊರೂರಿನ ಜನಕ್ಕೆ ಬಡಿಸಿದ ಹೆಂಗಸು. ಆಕೆಯ ಬುತ್ತಿ ಕಾಯುತ್ತಾ ಒಬ್ಬಳು ಇಡೀ ದಿನ ಉಪವಾಸ ಕೂತಿದ್ದಳು ಅನ್ನುವುದನ್ನು ಆಕೆಗೆ ನುಂಗಲಾಗಲಿಲ್ಲ.

"ಕುಂದ್ರವ್ವ. ಉಣ್ಣು" ಅಂದಳು.

ಸುಮಲತಾ ಕೂತಳು. ಒಂದು ಕೈಯಲ್ಲಿ ಹುಡುಗನನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ರೊಟ್ಟಿ ಮುರಿದಳು. ತುತ್ತು ಬಾಯಿಗಿಡುವಾಗ ಅವಳ ಕಣ್ಣಿಂದ ನೀರು ಬಿತ್ತು. ನಾನು ನನ್ನ ಅಂಗಡಿಗೆ ಎದ್ದು ಹೋದೆ. ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಅಂತ ನನಗೇ ಗೊತ್ತಾಗಲಿಲ್ಲ. ಅವಳು ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು! ಬೈಯಬಹುದಿತ್ತು, ಜಗಳ ಮಾಡಬಹುದಿತ್ತು, ಮಕ್ಕಳನ್ನು ಬಾಗಿಲು ಹಾಕಿ ಇಟ್ಟುಕೊಳ್ಳಬಹುದಿತ್ತು. ಒಳ್ಳೆಯವಳ ಜೊತೆ ಏನಂತ ಜಗಳ ಆಡುವುದು?

ಅರುಣಕುಮಾರ ಆವತ್ತು ಏನೂ ಕೇಳಲಿಲ್ಲ. ಕೊಟ್ರಮ್ಮನೇ ಹೇಳಿದಳು, "ಶಾಲಿ ಶುರುವಾಗೋಕ ಮೊದಲ ಬಂದು ಕರಕೊಂಡು ಹೋಗ್ರಿ."

ನಾನು ಆಮೇಲೆ ಬಾಯಿ ಬಾಯಿ ಬಡಿದುಕೊಂಡೆ. "ಯಾಕ ಹಂಗಂದಿ? ಒಲ್ಲೆ ಅನ್ನು, ಈಗ್ಲೂ ಹೊತ್ತು ಮೀರಿಲ್ಲ. ನೀ ಇರು ಅಂದ್ರ ಮೇಘಾ ಇರ್ತಾಳ."

"ಇರ್ತಾಳ. ನನ್ನ ಮುಖ ನೋಡಿ ಇರ್ತಾಳ" ಅಂದಳು ಕೊಟ್ರಮ್ಮ. "ನಂಗ ವಯಸ್ಸಾತು. ನಾ ಹೋದ ಮ್ಯಾಲ ಈ ಮಕ್ಕಳು ಯಾರ ಮಡ್ಲಾಗ ಬೀಳಬೇಕು? ಈಗ ಬಿದ್ರ ಅಕಿ ಹಿಡೀತಾಳ. ನೋಡಿದ್ಯಲ್ಲ."

ನೋಡಿದ್ದೆ.

ಮೇ ತಿಂಗಳ ಕೊನೆಗೆ ಅವರು ಬಂದರು. ಮಕ್ಕಳ ಬಟ್ಟೆ, ಪುಸ್ತಕ, ಸೋಮುವಿನ ಮೂರು ಗಾಲಿಯ ಸೈಕಲ್ಲು, ಎಲ್ಲ ಹೊರಗೆ ಬಂದವು. ಕೊಟ್ರಮ್ಮ ನನ್ನನ್ನು ಕರೆದಳು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಉತ್ತತ್ತಿ, ಎಲೆ ಅಡಿಕೆ, ಹೊಸ ಇಳಕಲ್ ಸೀರೆ, ರವಿಕೆಯ ಖಣ. "ಅಕಿಗೆ ಉಡಿ ತುಂಬು" ಅಂದಳು. ಸತ್ತ ಮಗಳ ಜಾಗಕ್ಕೆ ಬಂದವಳಿಗೆ ಆ ತವರಿನಲ್ಲಿ ಉಡಿ ತುಂಬಿದರೆ ಅವಳೂ ಮಗಳಾದಳು ಅಂತ ನಮ್ಮ ಕಡೆ. ಗಂಡ ಸತ್ತವರು ಉಡಿ ತುಂಬಲು ಮುಂದೆ ಬರುವುದಿಲ್ಲ, ಮುತ್ತೈದೆ ಅಂತ ನನಗೆ ಹೇಳಿದಳು. ನಾನು ಮೊರ ಎತ್ತಿಕೊಂಡೆ. ಸುಮಲತಾ ಸೆರಗು ಒಡ್ಡಿದವಳು ನನ್ನ ಕಡೆ ಒಡ್ಡಲಿಲ್ಲ, ಕೊಟ್ರಮ್ಮನ ಕಡೆ ತಿರುಗಿದಳು.

"ನೀವ ತುಂಬ್ರಿ, ಯವ್ವಾ."

"ನಾ ತುಂಬಬಾರದವ್ವಾ."

"ತಾಯಿ ತುಂಬಿದ್ರ ಏನಾಗ್ತತ್ರಿ?"

ಕೊಟ್ರಮ್ಮ ನನ್ನ ಮುಖ ನೋಡಿದಳು. ನಾನು ಮೊರವನ್ನು ಆಕೆಯ ಕೈಗೆ ಕೊಟ್ಟೆ. ಬೊಗಸೆ ಬೊಗಸೆಯಾಗಿ ಅಕ್ಕಿ ಆ ಸೆರಗಿಗೆ ಬಿತ್ತು. ಶೈಲಾ ತವರಿಗೆ ಬಂದು ಹೋಗುವಾಗೆಲ್ಲ ನಿಲ್ಲುತ್ತಿದ್ದದ್ದೂ ಈಗ ಸುಮಲತಾ ನಿಂತಿದ್ದ ಕಂಬದ ಹತ್ತಿರವೇ. ಆಕೆಗೂ ಅದು ನೆನಪಾಗಿರಬೇಕು. ಕೊನೆಯ ಬೊಗಸೆ ಹಾಕಲಾರದೆ ಹಾಗೇ ಹಿಡಿದುಕೊಂಡು ಅಳುತ್ತಾ ನಿಂತಳು. ಸುಮಲತಾ ಕಾದಳು, ಅವಸರ ಮಾಡಲಿಲ್ಲ.

ಹರಪನಹಳ್ಳಿ ಬಸ್ಸು ಬಂದಿತ್ತು. ಸೋಮು ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿದರೋ ಇಲ್ಲವೋ ಅನ್ನುವ ಚಿಂತೆಯಲ್ಲಿ ಅಜ್ಜಿಗೆ ಮುತ್ತು ಕೊಡುವುದನ್ನೇ ಮರೆತ. ಕಂಡಕ್ಟರು ಸೀಟಿ ಊದಿದ. ಮೇಘಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು, "ಅಜ್ಜೀ, ದಸರಾ ಸೂಟಿಗೆ ನಿಮ್ಮನಿಗೆ ಬರ್ತೀವಿ!"

"ಬರ್ರೆವ್ವಾ, ಬರ್ರಿ" ಅಂತ ಕೊಟ್ರಮ್ಮ ಕೈ ಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಬೀಸಿದಳು, ನಗುನಗುತ್ತಲೇ.

ಆಮೇಲೆ ನನ್ನ ಕಡೆ ತಿರುಗಿದಳು.

"ನಿಮ್ಮನಿ ಅಂದ್ಲಲ್ಲೇ ರೋಜಾ" ಅಂದಳು.

ನಾನು ಆಕೆಯ ಕೈ ಹಿಡಿದುಕೊಂಡೆ.